ವಾಪಸ್ ಹೋದ ಸ್ಯಾಂಪಲ್

ಕಿಟಕಿಯಾಚೆಯ ಹೆಂಗಸು ರಿಪೋರ್ಟ್ ಕೈಗೆ ತಗೊಂಡವಳು ಅಲ್ಲಿಂದ ಕದಲಲಿಲ್ಲ.

"ಅಕ್ಕಾ, ಇದ್ರಲ್ಲಿ ಏನ್ ಬರ್ದಿದೆ ಅಂತ ಒಂಚೂರು ಹೇಳ್ತೀರಾ?"

ಲ್ಯಾಬಿನವಳು ತಲೆಯೆತ್ತಲಿಲ್ಲ. ಊರಿಗೆ ಊರೇ ಕೆಮ್ಮುತ್ತಿದ್ದ ದಿನಗಳು. ಜೊತೆಗೆ ಕೆಲಸ ಮಾಡುವ ಇಬ್ಬರೂ ಜ್ವರ ಬಂದು ಮಲಗಿದ್ದರು. ಹತ್ತು ದಿನದಿಂದ ಒಬ್ಬಳೇ ಹೆಣಗಿ, ಗ್ಲೌಸಿನೊಳಗೆ ಅವಳ ಬೆರಳುಗಳು ನೆನೆದು ಸುಕ್ಕುಗಟ್ಟಿದ್ದವು.

"ಡಾಕ್ಟರಿಗೆ ತೋರ್ಸಮ್ಮ, ಅವ್ರೇ ಹೇಳ್ತಾರೆ."

"ತೋರ್ಸೋಕೆ ನಮ್ಮನೆಯವ್ರೇ ಇಲ್ವಲ್ಲ. ಮೊನ್ನೆ ಹೋಗ್ಬಿಟ್ರು."

ಆಗ ಲ್ಯಾಬಿನವಳು ಕೈಚಾಚಿ ಕಾಗದ ಇಸಿದುಕೊಂಡಳು. ಎರಡನೇ ವಾರ್ಡು. ನಲವತ್ತೊಂದು ವರ್ಷ. ಟೈಲ್ಸ್ ಕೆಲಸ. ಹೆಸರು ಕಂಡದ್ದೇ ಅವಳಿಗೆ ನೆನಪಾಯಿತು.

ಸೋಮವಾರ ಅವನ ಗಂಟಲಿನ ಸ್ಯಾಂಪಲ್ ಬಂದಿತ್ತು. ಫಾರಮ್ಮಿನಲ್ಲಿ ಡಾಕ್ಟರ ಸಹಿ ಇರಲಿಲ್ಲ. ಸಹಿಯಿಲ್ಲದ್ದನ್ನು ತಗೊಳ್ಳಬಾರದು ಅನ್ನುವುದು ನಿಯಮ. ವಾರ್ಡಿಗೆ ಒಂದು ಫೋನ್ ಮಾಡಿದ್ದರೆ ಯಾರಾದರೂ ಡಾಕ್ಟರು ಓಡಿಬಂದು ಹಾಕುತ್ತಿದ್ದರು. ಎದುರಿಗೆ ನೂರಾರು ಟ್ಯೂಬುಗಳಿದ್ದವು. ಅವಳು ಅದನ್ನು ವಾಪಸ್ ಕಳಿಸುವ ಟ್ರೇಗೆ ಹಾಕಿ ಮರೆತಳು. ಅದು ವಾರ್ಡಿನ ಮೇಜುಗಳಲ್ಲಿ ಅಲೆದು ಮತ್ತೆ ಬಂದದ್ದು ಬುಧವಾರ ಸಂಜೆ, ಆ ದಿನದ ಮೆಷಿನ್ ನಿಂತ ಮೇಲೆ. ಗುರುವಾರ ಗೊತ್ತಾಯಿತು, ಫ್ಲೂ ವೈರಸ್ಸು. ಅಲ್ಲಿಯತನಕ ಬೇರೆಯದೇ ಔಷಧಿ ಹೋಗುತ್ತಿತ್ತು.

"ತಪ್ಪು ನಂದೇ ಅಕ್ಕಾ," ಅಂದಳು ಹೆಂಗಸು. ಅತ್ತು ಅತ್ತು ಬತ್ತಿಹೋದ ದನಿ. "ಎರಡು ದಿನ ಕೆಮ್ಮಿನ ಸಿರಪ್ ಕುಡಿಸ್ಕೊಂಡು ಕೂತೆ. ಒಂದ್ ಬಚ್ಚಲಿನ ಟೈಲ್ಸ್ ಬಾಕಿ ಇದೆ, ಮುಗಿಸ್ಬಿಟ್ಟು ಆಸ್ಪತ್ರೆಗೆ ಹೋಗೋಣ ಅಂದ್ರು, ನಾನೂ ಹೂಂ ಅಂದೆ. ನಮ್ಮತ್ತೆ ನನ್ನ ಮುಖ ನೋಡ್ತಿಲ್ಲ. ನೀನು ಬೇಗ ಕರ್ಕೊಂಡು ಹೋಗಿದ್ರೆ ನನ್ನ ಮಗ ಉಳೀತಿದ್ದ ಅಂತಾರೆ. ಇದ್ರಲ್ಲೂ ಹಂಗೇ ಬರ್ದಿದೆಯಾ?"

ಇಲ್ಲಮ್ಮ ಅಂದು ಕಾಗದ ಕೊಟ್ಟು ಕಳಿಸಿಬಿಡಬಹುದಿತ್ತು. ಹೆಂಗಸಿನ ಹಿಂದೆ ಇನ್ನೂ ಏಳೆಂಟು ಜನ ನಿಂತಿದ್ದರು.

ಲ್ಯಾಬಿನವಳು ಗ್ಲೌಸ್ ಕಿತ್ತೆಸೆದು ಪಕ್ಕದ ಬಾಗಿಲಿನಿಂದ ಹೊರಬಂದಳು. ಹೆಂಗಸನ್ನು ಬೆಂಚಿನ ಮೇಲೆ ಕೂರಿಸಿ, ತಾನೂ ಕೂತಳು.

"ನೀವು ಕರ್ಕೊಂಡು ಬಂದ ದಿನಾನೇ ಸ್ಯಾಂಪಲ್ ನನ್ನ ಕೈಗೆ ಬಂದಿತ್ತು. ಒಂದು ಸಹಿ ಇಲ್ಲ ಅಂತ ನಾನೇ ವಾಪಸ್ ಕಳ್ಸಿದೆ. ಒಂದು ಫೋನ್ ಮಾಡ್ಬೋದಿತ್ತು, ಮಾಡ್ಲಿಲ್ಲ. ಅದ್ರಲ್ಲೇ ಮೂರು ದಿನ ಹೋಯ್ತು."

ಹೆಂಗಸು ಅವಳನ್ನೇ ನೋಡಿದಳು. "ಬೇಗ ಗೊತ್ತಾಗಿದ್ರೆ ಉಳೀತಿದ್ರಾ?"

"ಖಂಡಿತ ಅಂತ ಹೇಳೋಕಾಗಲ್ಲ. ಉಳೀಬೋದಿತ್ತು."

ಬೈಯುತ್ತಾಳೆ, ಕೂಗಾಡುತ್ತಾಳೆ ಅಂತ ಲ್ಯಾಬಿನವಳು ಕಾದಳು. ಅದಾದರೂ ಆಗಲಿ ಅನ್ನಿಸುತ್ತಿತ್ತು. ಹೆಂಗಸು ಚೀಲದಿಂದ ಫೋನ್ ತೆಗೆದು ನಂಬರ್ ಒತ್ತಿ ಅವಳ ಕೈಗಿತ್ತಳು.

"ಇದನ್ನ ನಮ್ಮತ್ತೆಗೆ ಹೇಳಿ."

ಲ್ಯಾಬಿನವಳು ಹೇಳಿದಳು. ಮೊದಲಿನಿಂದ ಕೊನೆಯತನಕ, ಒಂದು ಮಾತೂ ಬಿಡದೆ. ಯಾರ ಮುಂದೆ ಬೇಕಾದರೂ ಇದನ್ನೇ ಹೇಳುತ್ತೇನೆ ಅಂತಲೂ ಹೇಳಿದಳು. ಕಿಟಕಿಯ ಬಳಿ ಯಾರೋ ಗಾಜು ತಟ್ಟಿದರು, ಸುಮ್ಮನಾದರು.

"ಅವ್ಳು ಅಲ್ಲೇ ಇದ್ದಾಳಾ?" ಅಂತು ಕೊನೆಗೆ ಆ ಕಡೆಯ ಮುದಿ ದನಿ. "ನಿನ್ನೆಯಿಂದ ಏನೂ ತಿಂದಿಲ್ಲ ಅವ್ಳು. ಫೋನ್ ಕೊಡಮ್ಮ."

ಲ್ಯಾಬಿನವಳು ಫೋನ್ ಕೊಟ್ಟಳು. ಹೆಂಗಸು ಅದನ್ನು ಎರಡೂ ಕೈಯಲ್ಲಿ ಕಿವಿಗೊತ್ತಿಕೊಂಡಳು. ಅತ್ತ ಕಡೆಯವರಿಗೆ ಕಾಣುತ್ತದೆಯೇನೋ ಎಂಬಂತೆ ತಲೆಯಾಡಿಸುತ್ತಲೇ ಇದ್ದಳು.