ಬುಡೇನ್ ಸಾಬರ ಕಿವಿ, ರವೀಂದ್ರನ ಬಾಯಿ

ಬೆಳಗಿನ ಏಳೂವರೆಗೆ ಒಂದು ಕೆನ್ನೆ ಬೋಳಿಸಿ ಇನ್ನೊಂದಕ್ಕೆ ಸೋಪು ಹಚ್ಚುತ್ತಿದ್ದ ರವೀಂದ್ರನಿಗೆ ಮೊಬೈಲಿನಿಂದ ತನ್ನದೇ ದನಿ ಕೇಳಿಸಿತು. ದನಿ ಅವನದು, ಹೆಸರು ಬೇರೆಯವರದು. ‘ನಮ್ಮೂರ ಹಿತೈಷಿಗಳು’ ಎಂಬ ಗುಂಪಿನಲ್ಲಿ ಯಾರೋ ಹಾಕಿದ್ದ, ಚಿತ್ರವಿಲ್ಲದೆ ಬರೀ ದನಿಯಿದ್ದ ಹದಿನೆಂಟು ಸೆಕೆಂಡಿನ ತುಣುಕು. ಮೇಲೆ ಕೆಂಪಕ್ಷರದಲ್ಲಿ ‘ಎಚ್ಚರ! ನಮ್ಮ ಅಟ್ಟ ಹತ್ತುವ ಸಾಬಿಯ ಬಾಯಲ್ಲೇ ಕೇಳಿ’ ಎಂದಿತ್ತು.

“ಇವತ್ತು ನಿಮ್ದು ಅಟ್ಟಕ್ಕೆ ಹತ್ತೀವಿ. ನಾಳೆ ನಿಮ್ದು ಮನೆ ನಮ್ದು ಮಾಡ್ತೀವಿ. ನಾಡಿದ್ದು ನಿಮ್ದು ಊರಿಗೆ ನಮ್ದು ಹೆಸರು ಇಡ್ತೀವಿ. ನಿಮ್ಗೆ ಗೊತ್ತೇ ಆಗಲ್ಲ, ನೀವು ನಗ್ತಾ ಇರ್ತೀರಿ.”

ಹೋದ ವರ್ಷ ಗಣಪತಿ ಕೂರಿಸಿದಾಗ ಪೆಂಡಾಲಿನ ಮುಂದೆ ರವೀಂದ್ರ ಮಾಡಿದ ಮಿಮಿಕ್ರಿ ಅದು. ಒಂದೊಂದು ಸಾಲಿಗೂ ಊರಿಗೆ ಊರೇ ಬಿದ್ದು ಬಿದ್ದು ನಕ್ಕಿತ್ತು. ಈ ತುಣುಕಿನಲ್ಲಿ ನಗು ಇರಲಿಲ್ಲ. ಹಲಸಿನ ಹಣ್ಣಿನಿಂದ ಬೀಜ ತೆಗೆದಂತೆ ಯಾರೋ ನಗುವನ್ನಷ್ಟೇ ತೆಗೆದು ಬಿಸಾಕಿ, ಮಾತನ್ನು ಉಳಿಸಿಕೊಂಡಿದ್ದರು.

ಬಿಳಿಗೆರೆಯಿಂದ ಎರಡು ಮೈಲಿ ಒಳಗಿರುವ ಈ ಊರಿನಲ್ಲಿ ಅಟ್ಟ ಹತ್ತುವ ಸಾಬರು ಎಂದರೆ ಒಬ್ಬರೇ, ಬುಡೇನ್ ಸಾಬರು. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ಮನಿದ್ದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಕೊಬ್ಬರಿ ಗಿಟುಕಾಗುತ್ತದೆ. ಅವಸರ ಮಾಡಿ ಇಳಿಸಿದರೆ ಒಳಗೆ ಹಸಿ, ಒಡೆದರೆ ಚೂರು. ತಡ ಮಾಡಿದರೆ ಎಣ್ಣೆ ಕಾರಿ ಮುಗ್ಗಲು. ಅದರ ಹದ ಹೇಳುವುದು ಬುಡೇನ್ ಸಾಬರ ಕಿವಿ. ಏಣಿ ಹತ್ತಿ, ನಾಲ್ಕು ಮೂಲೆಯಿಂದ ಮೂರು ಮೂರು ಕಾಯಿ ತೆಗೆದು, ಒಂದೊಂದನ್ನೂ ಕಿವಿಯ ಪಕ್ಕ ಹಿಡಿದು ಅಲುಗಿಸಿ, ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. “ಇಳಿಸ್ಬೋದು” ಅಂದರೆ ಇಳಿಸಬಹುದು. “ಇನ್ನೂ ಹದಿನೈದು ದಿನ ತಡೀರಿ” ಅಂದರೆ ತಡೆಯಬೇಕು. ರವೀಂದ್ರನ ಅಪ್ಪ ಇದ್ದಾಗಿನಿಂದಲೂ ಅವರ ಮಾತು ಸುಳ್ಳಾಗಿದ್ದಿಲ್ಲ.

ಈ ಸೀಮೆಯ ಮನೆಗಳಲ್ಲಿ ಅಟ್ಟದ ಏಣಿ ಇರುವುದು ನಡುಮನೆಯಲ್ಲಿ. ಒಂದು ಕಡೆ ಒಲೆ, ಇನ್ನೊಂದು ಕಡೆ ದೇವರ ಗೂಡು. ನೆಂಟರೇ ಹೊರಗಿನ ಜಗಲಿ ದಾಟಲು ಹಿಂದೆ ಮುಂದೆ ನೋಡುವ ಮನೆಗಳಲ್ಲಿ ಬುಡೇನ್ ಸಾಬರು ವರ್ಷಕ್ಕೊಮ್ಮೆ ಕಾಲು ತೊಳೆದುಕೊಂಡು ದೇವರ ಮುಂದೆಯೇ ಹಾದು ಏಣಿ ಹತ್ತುತ್ತಿದ್ದರು. ಮೂವತ್ತು ವರ್ಷದಿಂದ ಅದು ಯಾರಿಗೂ ವಿಷಯವೇ ಆಗಿರಲಿಲ್ಲ. ಈಗ ಹದಿನೆಂಟು ಸೆಕೆಂಡಿನಲ್ಲಿ ಆಗಿತ್ತು.

ಸೋಪು ಒಣಗಿಹೋದ ಕೆನ್ನೆಯಲ್ಲೇ ರವೀಂದ್ರ ಬಾಲರಾಜುವಿಗೆ ಫೋನು ಮಾಡಿದ. ಗಣಪತಿ ಸಮಿತಿಯ ಅಧ್ಯಕ್ಷ ಬಾಲರಾಜು. ಅವತ್ತು ವಿಡಿಯೋ ಹಿಡಿದವನೂ ಅವನೇ.

“ಬಾಲಣ್ಣ, ಆ ದನಿ ನಂದು ಕಣಣ್ಣ.”

“ಗೊತ್ತು ಕಣ್ಲಾ. ನಿನ್ನ ಹೆಸರು ಹಾಕಿಲ್ಲ ಅಂತ ಬೇಜಾರಾ?”

“ತಮಾಸೆಗೆ ಮಾಡಿದ್ದು ಅದು.”

“ಅವರು ಹೊಟ್ಟೆಯೊಳಗೆ ಇಟ್ಕೊಂಡಿರದ್ನ ನೀನು ಬಾಯಲ್ಲಿ ಹೇಳಿದೀಯ. ಸಮಾಜ ಸೇವೆ ಅಂದ್ಕೊ.”

“ನಾನು ಎಲ್ಲರಿಗೂ ಹೇಳ್ತೀನಿ.”

“ಹೇಳು. ನಾನು ಕಳ್ಸಿದ್ದೀನಿ ಅನ್ನಕ್ಕೆ ಸಾಕ್ಷಿ ಇಲ್ಲ, ಹತ್ತು ಗ್ರೂಪು ಸುತ್ಕೊಂಡು ಬಂದೈತೆ. ನಾಳೆ ಕೇಸು ಗೀಸು ಅಂದ್ರೆ ದನಿ ಯಾರ್ದು ಅಂತ ಕೇಳ್ತಾರೆ. ಇಷ್ಟಕ್ಕೂ ನೀನು ಮೇಷ್ಟ್ರು ಕಣಪ್ಪ. ಸದಾಶಿವಯ್ಯನೋರು ಏನಂತಾರೋ.”

ಸದಾಶಿವಯ್ಯನವರು ರವೀಂದ್ರ ಕನ್ನಡ ಪಾಠ ಹೇಳುವ ಖಾಸಗಿ ಹೈಸ್ಕೂಲಿನ ಕಾರ್ಯದರ್ಶಿ. ಬಾಲರಾಜು ಫೋನು ಇಟ್ಟ. ರವೀಂದ್ರ ಕನ್ನಡಿ ನೋಡಿದ. ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ಪೊದೆ. ಎರಡು ಮುಖದವನು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಫೋಟೋ ಸಿಗುವುದಿಲ್ಲ ಎಂದುಕೊಂಡ. ನಗು ಬರಲಿಲ್ಲ.

ಅವನನ್ನು ಕಾಡುತ್ತಿದ್ದದ್ದು ಇನ್ನೊಂದು. ಬುಡೇನ್ ಸಾಬರು ಹಾಗೆ ಮಾತಾಡುವವರೇ ಅಲ್ಲ. ಅವರ ಅಪ್ಪ, ತಾತ ಎಲ್ಲ ಇದೇ ಕೆರೆ ಏರಿಯ ಕೆಳಗೆ ಹುಟ್ಟಿದವರು. “ಏನ್ ನಿಂಗಮ್ಮೋರೇ, ಕಾಯಿ ಅಲ್ಲಾಡ್ತವೋ ಇಲ್ವೋ” ಎಂದು ರವೀಂದ್ರನ ತಾಯಿಯ ಹತ್ತಿರ ಊರಿನವರ ಹಾಗೆಯೇ ಎಳೆದು ಮಾತಾಡುವವರು. ‘ನಿಮ್ದು ಅಟ್ಟಕ್ಕೆ, ನಮ್ದು ಹೆಸರು’ ಎನ್ನುವ ಭಾಷೆಯನ್ನು ರವೀಂದ್ರ ತಿಪಟೂರಿನಲ್ಲಿ ಡಿಗ್ರಿ ಓದುವಾಗ ಹಾಸ್ಟೆಲಿನಲ್ಲಿ ಹೊಲಿದುಕೊಂಡಿದ್ದ. ಅದಕ್ಕೊಂದು ಗಡ್ಡ, ಒಂದು ಲುಂಗಿ ಕೂರಿಸಿ, ನಗು ಜಾಸ್ತಿ ಬರಲೆಂದು ಕಾಯಿ ಅಲುಗಿಸುವ ಅಭಿನಯ ಸೇರಿಸಿದ್ದ. ಊರಿನವರಿಗೆ ಯಾರೆಂದು ಹೇಳಬೇಕಾಗಿರಲಿಲ್ಲ. ಪೆಂಡಾಲಿನ ಹಿಂದೆ ನಿಂತು ಬುಡೇನ್ ಸಾಬರೂ ಟವೆಲು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಮಾರನೆಯ ದಿನ ದಾರಿಯಲ್ಲಿ ಸಿಕ್ಕಾಗ, “ಚೆನ್ನಾಗಿ ಮಾಡ್ದೆ ಕಣಪ್ಪ. ನಮ್ಮ ಮನೆಯೋಳು ಮಾತ್ರ ಅರ್ಧಕ್ಕೇ ಎದ್ದೋದ್ಲು” ಅಂದಿದ್ದರು. ಆ ಎರಡನೆಯ ಮಾತು ರವೀಂದ್ರನ ಕಿವಿಗೆ ಈಗ, ಒಂದು ವರ್ಷ ತಡವಾಗಿ ಬಿತ್ತು.

ಸಂಜೆ ಐದೂವರೆಗೆ ಹಾಲಿನ ಡೈರಿಯ ಮುಂದೆ ಜನ ಸೇರಿದರು. ಹಾಲು ಹಾಕಿದವರು ಕ್ಯಾನು ಹಿಡಿದುಕೊಂಡೇ ನಿಂತರು. ಬುಡೇನ್ ಸಾಬರನ್ನು ಕರೆಸಿದ್ದರು. ಅವರು ಚಪ್ಪಲಿಯನ್ನು ದೂರ ಬಿಟ್ಟು ಡೈರಿಯ ಕಟ್ಟೆಯ ಪಕ್ಕ ನಿಂತಿದ್ದರು, ಅಟ್ಟ ಹತ್ತಲು ಬಂದವರ ಹಾಗೆ.

ಬಾಲರಾಜು ಮೊಬೈಲು ಎತ್ತಿ ಹಿಡಿದು ಕೇಳಿಸಿದ. ಬುಡೇನ್ ಸಾಬರು ಕಣ್ಣು ಮುಚ್ಚಿಕೊಂಡು, ತಲೆ ಒಂದು ಕಡೆಗೆ ವಾಲಿಸಿ, ಹದ ನೋಡುವ ಹಾಗೆಯೇ ಕೇಳಿದರು. ಮುಗಿದ ಮೇಲೆ ಕಣ್ಣು ಬಿಟ್ಟರು. ರವೀಂದ್ರನ ಕಡೆ ನೋಡಲಿಲ್ಲ. ನೋಡದೆ ಇದ್ದ ರೀತಿಯಲ್ಲೇ ಅವರಿಗೆ ಗೊತ್ತಾಗಿದೆ ಎಂದು ರವೀಂದ್ರನಿಗೆ ಗೊತ್ತಾಯಿತು.

“ಅದು ನನ್ನ ದನಿ ಅಲ್ಲ ಕಣ್ರಪ್ಪ,” ಅಂದರು. “ನಾನ್ಯಾವತ್ತು ಹಂಗೆ ಮಾತಾಡಿದೀನಿ, ನೀವೇ ಹೇಳಿ.”

ಹಾಲಿನ ಕ್ಯಾನಿನ ಮೇಲೆ ಕೂತಿದ್ದ ದುರ್ಗಯ್ಯ ಬೀಡಿ ಕೆಳಗಿಳಿಸಿದ. “ನೋಡ್ರಲಾ, ಈಗ ಹೆಂಗೆ ನಮ್ಮ ತರಾನೇ ಮಾತಾಡ್ತಾನೆ. ಏನ್ ಆಕ್ಟಿಂಗು.”

ನಾಲ್ಕೈದು ಜನ ನಕ್ಕರು. ಅರವತ್ತೆರಡು ವರ್ಷ ಆಡಿದ ಮಾತನ್ನು ಆ ಮನುಷ್ಯ ಈಗಷ್ಟೇ ಬಾಡಿಗೆಗೆ ತಂದವರಂತೆ ನಿಂತಿದ್ದರು. ಇನ್ನು ಯಾವ ಭಾಷೆಯಲ್ಲಿ ಮಾತಾಡಿದರೂ ಸಿಕ್ಕಿಬೀಳುತ್ತೇನೆ ಎಂಬುದು ಅವರ ಮುಖದಲ್ಲಿತ್ತು.

ಸದಾಶಿವಯ್ಯನವರು ಗಂಟಲು ಸರಿಮಾಡಿಕೊಂಡರು. “ನಮ್ಮದು ಜಾತ್ಯತೀತ ರಾಷ್ಟ್ರ. ಎಲ್ಲ ಧರ್ಮದ ಸಾರವೂ ಒಂದೇ. ಆದ್ದರಿಂದ ಯಾರೂ ದುಡುಕಬಾರದು.”

“ಸಾರ ಒಂದೇ, ಸಾರು ಬೇರೆ ಸಾ,” ಎಂದ ದುರ್ಗಯ್ಯ.

“ಜಾತ್ಯತೀತ ಅಂದ್ರೆ ಏನ್ ಸಾ?” ಬಾಲರಾಜು ಕೇಳಿದ. “ನಾವು ಗಣಪತಿ ಮೆರವಣಿಗೆ ತೆಗುದ್ರೆ ಅವರ ಬೀದೀಲಿ ತಮಟೆ ನಿಲ್ಲುಸ್ಬೇಕು. ಅವರ ಮೈಕಿಗೆ ನಾವು ಐದು ಗಂಟೆಗೆ ಏಳ್ಬೇಕು. ಒಂದೇ ಕಡೆ ತೂಗೋ ತಕ್ಕಡಿ ಅದು.”

“ನಮ್ಮೂರಲ್ಲಿ ಮಸೀದೀನೇ ಇಲ್ವಲ್ಲೋ,” ಎಂದರು ಸದಾಶಿವಯ್ಯನವರು.

“ಇಲ್ಲ. ಬರದ್ರೊಳಗೇ ಎಚ್ಚರ ಆಗ್ಬೇಕು ಅಂತ ತಾನೆ ಹೇಳ್ತಿರದು.”

“ಸಂವಿಧಾನದಲ್ಲಿ...”

“ಸಂವಿಧಾನ ಸರ್ಕಾರಕ್ಕೆ ಸಾ. ತಾಲ್ಲೂಕಾಫೀಸಲ್ಲಿ ಅವನಿಗೂ ಒಂದೇ ಸಾಲು, ನನಗೂ ಒಂದೇ ಸಾಲು, ಒಪ್ದೆ. ನನ್ನ ಅಟ್ಟ ಸರ್ಕಾರದ್ದಲ್ಲ. ನನ್ನ ಮನೆ ದೇವರ ಮುಂದೆ ಯಾರು ಹಾದೋಗ್ಬೇಕು ಅಂತ ನಾನು ಹೇಳ್ತೀನಿ. ತಪ್ಪಾ?”

ಸದಾಶಿವಯ್ಯನವರು ಮೂಗಿನ ಮೇಲಿನ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಅವರ ಜಾತ್ಯತೀತತೆಗೆ ಮಂಜು ಕವಿದಾಗಲೆಲ್ಲ ಅವರು ಹಾಗೆ ಒರೆಸುತ್ತಿದ್ದರು.

ರವೀಂದ್ರ ಮುಂದೆ ಬಂದ. ಕಾಲು ತಾನಾಗಿಯೇ ಬಂತು, ಬಾಯಿ ಇನ್ನೂ ಹಿಂದೆಯೇ ಇತ್ತು.

“ಅದು ನಾನು,” ಅಂದ. “ಗಣಪತಿ ಪೆಂಡಾಲಲ್ಲಿ ಮಾಡಿದ್ದು. ನೀವೆಲ್ಲ ಮುಂದೆ ಕೂತು ನೋಡಿದೀರ. ನಗೋದನ್ನ ಕಟ್ ಮಾಡಿ ಹಾಕವ್ರೆ.”

“ಹಂಗಾದ್ರೆ ಮಾಡು ನೋಡನ,” ಎಂದ ದುರ್ಗಯ್ಯ.

ರವೀಂದ್ರ ಮಾಡಿದ. ಮಾಡದೆ ಬೇರೆ ದಾರಿ ಇರಲಿಲ್ಲ. ಬುಡೇನ್ ಸಾಬರು ಮೂರು ಮಾರು ದೂರದಲ್ಲಿ ನಿಂತಿರುವಾಗ ‘ಇವತ್ತು ನಿಮ್ದು ಅಟ್ಟಕ್ಕೆ’ ಎಂದು ಶುರು ಮಾಡಿದ. ಮೊದಲ ಸಾಲಿಗೆ ಹಿಂದೆ ನಿಂತವರು ಕಿಸಕ್ಕೆಂದರು. ಎರಡನೆಯ ಸಾಲಿಗೆ ಎಲ್ಲರೂ ನಕ್ಕರು. ಕೈ ಹಳೆಯ ಅಭ್ಯಾಸದಿಂದ ಮೇಲಕ್ಕೆ ಹೋಗಿ, ಇಲ್ಲದ ಕಾಯಿಯೊಂದನ್ನು ಕಿವಿಯ ಬಳಿ ಅಲುಗಿಸಿತು. ನಗು ಜೋರಾಯಿತು. ಎಂದೂ ಇಷ್ಟು ಚೆನ್ನಾಗಿ ಮಾಡಿರಲಿಲ್ಲ.

“ಸರಿ ಬುಡು, ಒಪ್ಪಿದ್ವಿ,” ಎಂದ ಬಾಲರಾಜು, ನಗು ಒರೆಸಿಕೊಳ್ಳುತ್ತ. “ಮಾಡಿದ್ದು ನೀನೇ. ಆದ್ರೆ ನಕಲು ಅಂದ್ಮೇಲೆ ಅಸಲು ಒಂದು ಇರ್ಲೇಬೇಕಲ್ಲಾ? ಕೇಳ್ದೇ ಇರೋ ಮಾತ ಮಾಡಕ್ಕಾಯ್ತದಾ? ನೀನು ಮೇಷ್ಟ್ರು, ಬುದ್ಧಿವಂತ. ಎಲ್ಲೋ ಕೇಳಿರ್ತೀಯ, ಅದ್ಕೇ ಬಂತು.”

“ಹೌದು ಕಣ್ಲಾ,” ಎಂದಿತು ಹಿಂದಿನ ಸಾಲು. “ಇಲ್ದಿದ್ರೆ ಅಷ್ಟು ಕರೆಕ್ಟಾಗಿ ಹೆಂಗ್ ಮಾಡ್ತಾನೆ?”

ರವೀಂದ್ರನ ತಪ್ಪೊಪ್ಪಿಗೆ ಸಾಕ್ಷಿಯಾಗಿ ತಿರುಗಿ ನಿಂತಿತ್ತು. ಹೊರಗೆ ಬರಲೆಂದು ತೆರೆದ ಬಾಗಿಲೇ ಅವನನ್ನು ಒಳಗೆ ಹಾಕಿಕೊಂಡು ಚಿಲಕ ಬಿಗಿದಿತ್ತು. ಆಗ ಅವನಿಗೆ ಇನ್ನೊಂದು ಉಪಾಯ ಹೊಳೆಯಿತು. ಹೊಳೆದದ್ದನ್ನು ತಡೆದುಕೊಳ್ಳುವ ಅಭ್ಯಾಸ ಅವನಿಗೆ ಹುಟ್ಟಿನಿಂದಲೂ ಇರಲಿಲ್ಲ.

ಅದೇ ನಾಲ್ಕು ಸಾಲನ್ನು ಅವನು ಬಾಲರಾಜುವಿನ ದನಿಯಲ್ಲಿ ಹೇಳಿದ. ಬಾಲರಾಜುವಿನದೇ ಎದೆಯುಬ್ಬು, ಅವನದೇ ಮೂಗಿನ ಕೊನೆಯ ಸುಂಯ್ ಎಂಬ ಉಸಿರು. “ಇವತ್ತು ನಿಮ್ಮ ಅಟ್ಟ ಹತ್ತೀನಿ ಕಣ್ರಲಾ. ನಾಳೆ ನಿಮ್ಮ ಮನೆ ನಂದು ಮಾಡ್ಕತೀನಿ. ನಾಡಿದ್ದು ಊರಿಗೆ ನನ್ನ ಹೆಸರು ಇಡ್ತೀನಿ. ನಿಮಗೆ ಗೊತ್ತೇ ಆಗಕಿಲ್ಲ, ನೀವು ನಗ್ತಾ ಇರ್ತೀರ.”

ಯಾರೂ ನಗಲಿಲ್ಲ. ಡೈರಿಯೊಳಗೆ ಹಾಲು ಅಳೆಯುವ ಯಂತ್ರ ಮಾತ್ರ ಕುಯ್ಯೆಂದಿತು.

“ಇದಕ್ಕೂ ಅಸಲು ಐತಾ ಬಾಲಣ್ಣ?” ರವೀಂದ್ರ ಕೇಳಿದ. ತನ್ನ ಸ್ವಂತ ದನಿ ತೀರಾ ಸಣ್ಣದಾಗಿ ಕೇಳಿಸಿತು.

ಬಾಲರಾಜು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಸದಾಶಿವಯ್ಯನವರ ಕಡೆ ತಿರುಗಿ, “ನಿಮ್ಮ ಸ್ಕೂಲಲ್ಲಿ ಮಕ್ಕಳಿಗೆ ಇದನ್ನೇ ಹೇಳ್ಕೊಡ್ತಾರಾ ಸಾ?” ಎಂದ.

ಸದಾಶಿವಯ್ಯನವರು ಕನ್ನಡಕ ಹಾಕಿಕೊಂಡರು. “ದೊಡ್ಡೋರಿಗೆ ಮರ್ಯಾದೆ ಬೇಡವೇನಯ್ಯಾ? ನಾಳೆಯಿಂದ ಸ್ವಲ್ಪ ದಿನ ಮನೇಲಿರು. ನಾನು ಹೇಳಿ ಕಳಿಸ್ತೀನಿ.”

“ಬುಡೇನ್ ಸಾಬ್ರನ್ನ ಆಡ್ಕೊಂಡಾಗ ಇದೇ ಮಾತು ಹೇಳ್ಬೇಕಿತ್ತು ಸಾ.”

“ಅದು ಕಲೆ ಕಣಯ್ಯ,” ಎಂದರು ಸದಾಶಿವಯ್ಯನವರು, ಮನಃಪೂರ್ವಕವಾಗಿ.

ಈ ಸಲದ ಮಟ್ಟಿಗೆ ಅಟ್ಟ ಅವರವರೇ ನೋಡಿಕೊಳ್ಳುವುದು ಎಂದು ತೀರ್ಮಾನವಾಯಿತು. ಯಾರ ಮೇಲೂ ದ್ವೇಷವಿಲ್ಲ ಎಂದು ಮೂರು ಜನ ಮೂರು ಸಲ ಹೇಳಿದರು. ಬುಡೇನ್ ಸಾಬರು ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಕೆರೆ ಏರಿಯ ಕಡೆ ಹೋದರು.

ಮರುದಿನ ಹನ್ನೊಂದರ ಹೊತ್ತಿಗೆ ರವೀಂದ್ರ ಕೆಲಸವಿಲ್ಲದೆ ಜಗಲಿಯ ಮೇಲೆ ಕೂತಿದ್ದಾಗ ಅವನ ತಾಯಿ ನಿಂಗಮ್ಮ ಒಳಗಿನಿಂದ ಬಂದಳು.

“ಬುಡೇನ್ ಸಾಬ್ರಿಗೆ ಬರಕ್ಕೆ ಹೇಳಿ ಕಳ್ಸಿದೀನಿ.”

“ಊರೋರು ಬೇಡ ಅಂದವ್ರಲ್ಲಮ್ಮ.”

“ಊರೋರು ಬಂದು ನನ್ನ ಕಾಯಿ ಅಲ್ಲಾಡುಸ್ತಾರಾ? ಮೂವತ್ತು ವರ್ಷ ನನ್ನ ಒಲೆ ಮುಂದೆ ಹಾದೋಗವ್ರೆ. ಒಂದಿನ ಮಡಕೆ ಕಡೆ ಕಣ್ಣೆತ್ತಿ ನೋಡಿಲ್ಲ.” ಹೀಗೆಂದವಳೇ ಸೂರಿನ ಸಂದಿಗೆ ಕೈ ಹಾಕಿ, ಅವರಿಗೆಂದೇ ಬೇರೆ ಇಟ್ಟಿದ್ದ ಸ್ಟೀಲಿನ ಲೋಟ ತೆಗೆದು ತೊಳೆಯಲು ಹೋದಳು. ರವೀಂದ್ರ ಆ ಲೋಟವನ್ನು ಚಿಕ್ಕಂದಿನಿಂದ ನೋಡಿದ್ದ. ಅದು ಸೂರಿನಲ್ಲಿ ಯಾಕಿದೆ ಎಂದು ಒಂದು ಸಲವೂ ಕೇಳಿರಲಿಲ್ಲ. ಈಗಲೂ ಕೇಳಲಿಲ್ಲ. ಕೇಳುವ ಯೋಗ್ಯತೆ ತನ್ನ ಬಾಯಿಗಿದೆಯೇ ಎಂಬ ಅನುಮಾನ ಬಂತು.

ಬುಡೇನ್ ಸಾಬರು ಬಂದರು. ಜಗಲಿಯ ಕೆಳಗೇ ನಿಂತರು.

“ಒಳಕ್ಕೆ ಬನ್ನಿ ಸಾಬ್ರೆ,” ಎಂದ ರವೀಂದ್ರ.

ಅವರು ತಲೆ ಅಲ್ಲಾಡಿಸಿ, ಕೈಯಿಂದ ಅಟ್ಟದ ಕಡೆ ತೋರಿಸಿ, ಆಮೇಲೆ ತಮ್ಮ ಮುಂದಿನ ನೆಲ ತೋರಿಸಿದರು. ಇಲ್ಲಿಗೇ ತಂದುಕೊಡು ಎಂದು ಅರ್ಥ. ಎದುರು ಮನೆಯ ಕಿಟಕಿಯಲ್ಲಿ ಯಾರೋ ನಿಂತಿದ್ದರು. ದುರ್ಗಯ್ಯ ಹಸು ಹಿಡಿದುಕೊಂಡು ಹೋಗುತ್ತಿದ್ದವನು ಹಸುವಿಗಿಂತ ನಿಧಾನವಾಗಿ ನಡೆಯತೊಡಗಿದ.

ರವೀಂದ್ರ ಅಟ್ಟ ಹತ್ತಿದ. ಹತ್ತು ತಿಂಗಳ ಹೊಗೆ ಕುಡಿದ ಕಾಯಿಗಳು ಸೂರಿನವರೆಗೂ ಒತ್ತಿಕೊಂಡು ಕೂತಿದ್ದವು. ಬಗ್ಗಿ ಒಂದನ್ನು ಎತ್ತಿ ಕಿವಿಯ ಬಳಿ ಅಲುಗಿಸಿದ. ಏನೋ ಸದ್ದಾಯಿತು. ನೀರೋ ಗಿಟುಕೋ ತಿಳಿಯಲಿಲ್ಲ. ಅಷ್ಟು ಚೆನ್ನಾಗಿ ಅಭಿನಯಿಸಿದ ಕೆಲಸದಲ್ಲಿ ಏನನ್ನು ಕೇಳಬೇಕು ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಮೂಲೆಗೆ ಮೂರರಂತೆ ಹನ್ನೆರಡು ಕಾಯಿಗಳನ್ನು ಚೀಲಕ್ಕೆ ತುಂಬಿಕೊಂಡು ಕೆಳಗೆ ತಂದ.

ಬುಡೇನ್ ಸಾಬರು ಬೀದಿಯ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಕಿವಿಗೆ ಹಿಡಿದರು. ಕಣ್ಣು ಮುಚ್ಚಿದರು. ಅಲುಗಿಸಿದರು. ಹನ್ನೆರಡೂ ಮುಗಿಯಿತು. ನಿಂಗಮ್ಮ ಕಾಫಿ ತಂದು ಜಗಲಿಯ ಅಂಚಿಗಿಟ್ಟು ಒಳಗೆ ಹೋದಳು.

“ಏನಂತೀರ ಸಾಬ್ರೆ?”

ಅವರು ಒಂದು ಕೈಯ ಐದು ಬೆರಳು ಎತ್ತಿದರು. ಮೂರು ಸಲ.

“ಮಾತಾಡಿ ಸಾಬ್ರೆ,” ಎಂದ ರವೀಂದ್ರ. “ನಂದು ತಪ್ಪಾಯ್ತು. ಬಯ್ಯಿರಿ ಬೇಕಾದ್ರೆ.”

ಬುಡೇನ್ ಸಾಬರು, ಹಸುವಿನ ಜೊತೆ ನಿಂತೇಬಿಟ್ಟಿದ್ದ ದುರ್ಗಯ್ಯನನ್ನು ನೋಡಿದರು, ಕಿಟಕಿಯನ್ನು ನೋಡಿದರು. ತುಂಬ ತಗ್ಗಿದ ದನಿಯಲ್ಲಿ, ರವೀಂದ್ರನಿಗೆ ಮಾತ್ರ ಕೇಳುವಂತೆ ಅಂದರು: “ಹೆಂಗೆ ಮಾತಾಡ್ಲಿ, ನೀನೇ ಹೇಳಪ್ಪ. ನಮ್ಮ ತರ ಆಡಿದ್ರೆ ಆಕ್ಟಿಂಗು ಅಂತಾರೆ. ನಿನ್ನ ತರ ಆಡಕ್ಕೆ ನಂಗೆ ಬರಾಕಿಲ್ಲ.”

ಕಾಫಿ ಕುಡಿದು, ಲೋಟ ತೊಳೆದು, ತಾವೇ ಕೈ ಎತ್ತಿ ಸೂರಿನ ಸಂದಿಗೆ ಸಿಕ್ಕಿಸಿದರು.

“ಏನಂದ್ರೋ?” ನಿಂಗಮ್ಮ ಒಳಗಿನಿಂದ ಕೂಗಿದಳು.

“ಇನ್ನೂ ಹದಿನೈದು ದಿನ ತಡೀಬೇಕಂತಮ್ಮ,” ಎಂದು ರವೀಂದ್ರ ಕೂಗಿ ಹೇಳಿದ.

ನಿಂಗಮ್ಮ ಬಾಗಿಲಿಗೆ ಬಂದು ಮಗನ ಮುಖವನ್ನೇ ನೋಡಿದಳು.

“ಅವರ ದನೀನೇ ಕೇಳ್ಲಿಲ್ವಲ್ಲ. ಅವರು ಅಂದಿದ್ದಾ, ನೀನು ಅಂದಿದ್ದಾ?”

ರವೀಂದ್ರ ಬೀದಿಯ ಕಡೆ ತಿರುಗಿದ. ಬುಡೇನ್ ಸಾಬರು ಆಗಲೇ ದುರ್ಗಯ್ಯನ ಹಸುವನ್ನು ದಾಟಿ ಹೋಗಿದ್ದರು.