ಟೈಲರ್ ಮನೆಯ ಕಟ್ಟೆ

ನಾಡಿನ ಮುಂದೆ ಗಹನವಾದ ಪ್ರಶ್ನೆಗಳು ಸಾಕಷ್ಟಿವೆ. ಅವನ್ನೆಲ್ಲ ಸದ್ಯಕ್ಕೆ ಬದಿಗಿಟ್ಟು ನಾವಿಲ್ಲಿ ಒಂದು ಕಟ್ಟೆಯ ವಿಚಾರ ಮಾತನಾಡಬೇಕಾಗಿದೆ. ಕಟ್ಟೆ ಟೈಲರ್ ಮನೆಯದು. ಬಾಗಿಲಿಗೆ ಅಡ್ಡಲಾಗಿ ನಿಂತಿತ್ತು.

ಆ ಓಣಿಯಲ್ಲಿ ಎಲ್ಲರೂ ಗೋಡೆಯಿಂದ ರಸ್ತೆಯವರೆಗೆ ಸಿಮೆಂಟ್ ಬಳಿಸಿದ್ದರು. ಮಳೆ ನೀರು ಇಂಗಲು ಅಂಗೈಯಗಲ ಮಣ್ಣೂ ಉಳಿದಿರಲಿಲ್ಲ. ನೀರು ಮೊದಲು ಎದುರುಮನೆಯ ಕ್ಷೌರದಂಗಡಿಗೆ ನುಗ್ಗಿತು. ಕ್ಷೌರದವನು ಬಾಗಿಲಿಗೆ ಕಟ್ಟೆ ಕಟ್ಟಿಸಿದ. ನೀರು ಟೈಲರ್ ಮನೆಗೆ ಬಂತು. ಟೈಲರ್ ಇನ್ನೂ ಎತ್ತರದ್ದು ಕಟ್ಟಿಸಿದ. ಕ್ಷೌರದವನು ಸುಮ್ಮನಿರುವ ಆಸಾಮಿಯೇ? ಇಬ್ಬರಿಗೂ ಗಾರೆಯವನು ಒಬ್ಬನೇ. ಎರಡೂ ಕಡೆ ಅವನದು ಒಂದೇ ಮಾತು: "ಈ ಸಲ ನಿಮ್ಮದೇ ಎತ್ತರ ಅಣ್ಣಾ."

ಕೊನೆಗೆ ಟೈಲರ್ ಮನೆಗೆ ಬರುವವರು ಹೊರಗಿನಿಂದ ಮೆಟ್ಟಿಲು ಹತ್ತಿ ಒಳಕ್ಕೆ ಧುಮುಕಬೇಕಾಯಿತು. ಗಿರಾಕಿಗಳು ಹೇಗೋ ಧುಮುಕಿದರು. ಟೈಲರನ ತಾಯಿಗೆ ಮಾತ್ರ ಮಂಡಿ ನೋವು. ಎದುರುಮನೆಯಲ್ಲಿದ್ದ ಕ್ಷೌರದವನ ಅತ್ತೆ ಅವಳ ಜೀವದ ಗೆಳತಿ. ದಿನಾ ಸಂಜೆ ಇಬ್ಬರೂ ಒಟ್ಟಿಗೆ ಕೂತು, ಒಬ್ಬಳು ಮಗನನ್ನೂ ಇನ್ನೊಬ್ಬಳು ಅಳಿಯನನ್ನೂ ಬಯ್ದು ಹಗುರಾಗುತ್ತಿದ್ದರು. ಈಗ ಕಿಟಕಿಯಿಂದ ಕಿಟಕಿಗೆ ಕೂಗಬೇಕು. ಕೂಗಿ ಹೇಳುವಂಥ ಗುಟ್ಟು ಎಷ್ಟಿರುತ್ತದೆ? ಟೈಲರ್ ಮನೆಯ ಅಜ್ಜಿ ಮಾತು ಕಡಿಮೆ ಮಾಡಿದಳು, ಆಮೇಲೆ ಊಟವನ್ನೂ.

ಹೀಗಿರುವಾಗ ಟೈಲರನ ಹೆಂಡತಿಯ ತಂಗಿ ಬಂದಳು. ನಗರ ಯೋಜನೆಯ ಕಚೇರಿಯಲ್ಲಿ ಅವಳಿಗೆ ಕೆಲಸ. ಚಪ್ಪಲಿ ಕೈಯಲ್ಲಿ ಹಿಡಿದು ಕಟ್ಟೆ ದಾಟಿದಳು.

"ಭಾವ, ಇದು ಮನೆಯೋ ಕೋಟೆಯೋ?"

"ಕೋಟೆಗೆ ನೀರು ನುಗ್ಗಲ್ಲ, ಅಷ್ಟೇ ವ್ಯತ್ಯಾಸ."

"ಸರ್ಕಾರದ ಹೊಸ ವಸತಿ ನೀತಿ ಕರಡು ಬಂದಿದೆ. ಮನೆ ಮುಂದಿನ ಜಾಗದಲ್ಲಿ ಅರ್ಧ ಮಣ್ಣಾಗೇ ಬಿಡಬೇಕು, ನೀರು ಇಂಗಬೇಕು ಅಂತ. ಭಾನುವಾರ ವಾರ್ಡ್ ಸಭೆ. ಬಂದು ಮಾತಾಡಿ."

"ಮಣ್ಣು ಬಿಟ್ರೆ ಗಿರಾಕಿಗಳು ಕೆಸರುಗಾಲಲ್ಲಿ ಬರ್ತಾರೆ."

"ಈಗ ಮಂಡಿಯುದ್ದ ನೀರಲ್ಲಿ ಬರ್ತಾರಲ್ಲ?"

"ಅದಕ್ಕೇ ಈಗ ಚಡ್ಡಿ ಹೊಲಿಯೋದೇ ಜಾಸ್ತಿಯಾಗಿದೆ."

ಒಳಗಿನಿಂದ ಹೆಂಡತಿ, "ನಿಮ್ಮ ಭಾವನ ಹತ್ರ ಮಾತಾಡೋದೂ ಒಂದೇ, ಮೆಷಿನ್ ಹತ್ರ ಮಾತಾಡೋದೂ ಒಂದೇ ಕಣೇ. ಮೆಷಿನ್‌ಗಾದ್ರೆ ಎಣ್ಣೆ ಹಾಕಬಹುದು" ಎಂದಳು.

ಟೈಲರ್ ಕತ್ತರಿ ಕೆಳಗಿಟ್ಟ. "ಅಲ್ಲಮ್ಮಾ, ಅವರು ಬರೆದಾದ ಮೇಲೆ ನಾವು ಹೇಳಿ ಏನು ಬಂತು? ಹೊಲಿದಾದ ಮೇಲೆ ಅಳತೆ ಕೊಟ್ಟ ಹಾಗೆ."

"ಕರಡು ಅಂದ್ರೆ ಹೊಲಿದಾಗಿರೋ ಬಟ್ಟೆ ಅಲ್ಲ ಭಾವ. ಕಚ್ಚಾ ಹೊಲಿಗೆ ಹಾಕಿರೋದು. ಮೈಮೇಲೆ ಹಾಕ್ಕೊಂಡು ಎಲ್ಲಿ ಬಿಗಿ, ಎಲ್ಲಿ ಸಡಿಲ ಅಂತ ಹೇಳೋಕೇ ಸಭೆ. ನೀವು ಬಾಯಿ ಬಿಡದಿದ್ರೆ ಹಾಗೇ ಹೊಲಿದು ಕೊಡ್ತಾರೆ. ಆಮೇಲೆ ಬಿಗಿ ಆಯ್ತು ಅಂತ ನನ್ನ ಬಯ್ಯಬೇಡಿ."

ಇದು ಟೈಲರನಿಗೆ ನಾಟಿತು. ಸಭೆಗೆ ಹೋಗುವುದೆಂದು ತೀರ್ಮಾನಿಸಿದ, ಆದರೆ ಮಣ್ಣನ್ನು ವಿರೋಧಿಸುವುದಕ್ಕೆ.

ಭಾನುವಾರ ಅಜ್ಜಿ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದಳು. "ನಾನೂ ಬರ್ತೀನಿ."

"ನೀನ್ಯಾಕಮ್ಮಾ?"

"ಸಭೆ ಏನು ನಿನ್ನೊಬ್ಬನಿಗೇ ಕರೆದಿದ್ದಾರಾ?"

ಕುರ್ಚಿ ಸಮೇತ ಎತ್ತಿ ದಾಟಿಸಬೇಕಾಯಿತು. ಒಬ್ಬನಿಂದ ಆಗುವ ಕೆಲಸವಲ್ಲ. ಟೈಲರನ ಹೆಂಡತಿ ಎದುರುಮನೆಗೆ ಕೂಗಿದಳು. ಕ್ಷೌರದವನು ಗಿರಾಕಿಯ ಒಂದು ಕೆನ್ನೆಯ ನೊರೆ ಹಾಗೇ ಬಿಟ್ಟು ಓಡಿ ಬಂದ. ಕಟ್ಟೆಯ ನೆತ್ತಿಯಲ್ಲಿ ಇಬ್ಬರಿಗೂ ಏದುಸಿರು.

"ಇಷ್ಟೆತ್ತರ ಯಾಕಯ್ಯಾ ಕಟ್ಟಿಸಿದೆ?"

"ನೀನು ಕಟ್ಟಿಸಿದ್ದಕ್ಕೆ."

"ಜಗಳ ಕೆಳಗಿಳಿದ ಮೇಲೆ ಆಡಿ. ನಾನು ಮೇಲಿದ್ದೀನಿ" ಎಂದಳು ಅಜ್ಜಿ.

ಎದುರಿನ ಕಿಟಕಿಯಿಂದ ಗೆಳತಿಯ ದನಿ ಬಂತು: "ಹಾಗೇ ನನ್ನನ್ನೂ ಇಳಿಸ್ರೋ."

ಸಭೆಯಲ್ಲಿ ಅಧಿಕಾರಿ ಕರಡನ್ನು ಓದಿ, ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳಿದರು. ಟೈಲರ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಜ್ಜಿ ಶುರು ಮಾಡಿದ್ದಳು.

"ಮಣ್ಣು ಬಿಡಿ ಅಂತ ಬರೆದಿದ್ದೀರಿ, ಒಳ್ಳೇದು. ಬಾಗಿಲಿಗೆ ಕಟ್ಟೆ ಏರಿಸಬೇಡಿ ಅಂತ ಎಲ್ಲೂ ಬರೆದಿಲ್ವಲ್ಲ? ನೀರು ಒಳಗೆ ಬರಬಾರದು ಅಂತ ನನ್ನ ಮಗ ಕಟ್ಟೆ ಕಟ್ಟಿದ. ನೀರು ಆಮೇಲೂ ಬಂತು. ಹೊರಗೆ ಹೋಗೋಕೆ ಆಗದೇ ಇದ್ದವಳು ನಾನೊಬ್ಬಳೇ."

"ಇಬ್ಬರು" ಎಂದು ಗೆಳತಿ ತಿದ್ದಿದಳು.

ಸಭೆ ನಕ್ಕಿತು. ಟೈಲರ್ ನಗಲಿಲ್ಲ. ಎದ್ದು ನಿಂತವನು ಏನು ಹೇಳಬೇಕೆಂದು ಬಂದಿದ್ದನೋ ಅದನ್ನು ನುಂಗಿಕೊಂಡ. "ಮಣ್ಣು ಬಿಡ್ತೀವಿ ಸಾರ್. ಕಾಲಿಡೋಕೆ ಒಂದು ಸಾಲು ಕಲ್ಲು ಹಾಕ್ಕೊಳ್ಳೋಕೆ ಅವಕಾಶ ಕೊಡಿ" ಎಂದಷ್ಟೇ ಹೇಳಿ ಕೂತ. ಅಧಿಕಾರಿ ಎರಡನ್ನೂ ಬರೆದುಕೊಂಡರು. ಕರಡು ನಿಯಮವಾಗಿ ಬಂದಾಗ ಅದರಲ್ಲಿ ಕಲ್ಲಿನ ಸಾಲೂ ಇತ್ತು, ಕಟ್ಟೆ ಏರಿಸಬಾರದು ಎಂಬುದೂ ಇತ್ತು.

ಟೈಲರ್ ಮತ್ತು ಕ್ಷೌರದವನು ಅಲ್ಲಿಯವರೆಗೆ ಕಾಯಲಿಲ್ಲ. ಸಿಮೆಂಟ್ ಅರ್ಧ ಕೀಳಿಸಿದರು, ಕಟ್ಟೆ ಒಡೆಸಿದರು. ಒಡೆಯಲು ಬಂದವನು ಅದೇ ಗಾರೆಯವನು. ಮುಖ ಇಳಿಬಿಟ್ಟುಕೊಂಡೇ, "ಈ ಸಲ ನಿಮ್ಮದೇ ತಗ್ಗು ಅಣ್ಣಾ" ಎಂದ, ಎರಡೂ ಕಡೆ. ಮುಂದಿನ ಮಳೆಯಲ್ಲಿ ನೀರು ಸ್ವಲ್ಪ ಹೊತ್ತು ಅಂಗಳದಲ್ಲಿ ನಿಂತು, ಇಂಗಿ, ಉಳಿದದ್ದು ಚರಂಡಿ ಹಿಡಿಯಿತು.

ಓದುತ್ತಿರುವ ನೀವೂ ಒಮ್ಮೆ ನಿಮ್ಮ ಬಾಗಿಲ ಮುಂದೆ ನಿಂತು ನೋಡಿ. ನಿಮ್ಮ ಸಿಮೆಂಟ್ ನೀರನ್ನು ಯಾರ ಮನೆಗೆ ಕಳಿಸುತ್ತಿದೆ? ಇಂಗಲು ಒಂದಿಷ್ಟು ಮಣ್ಣು ಬಿಡಿ. ಮನೆ, ರಸ್ತೆ, ನೀರಿನ ಬಗ್ಗೆ ಕರಡು ಬಂದು ಸಭೆ ಕರೆದಾಗ ಹೋಗಿ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಬಿಗಿಯಾದದ್ದನ್ನು ಕಚ್ಚಾ ಹೊಲಿಗೆಯಲ್ಲೇ ಹೇಳಿ.

ಟೈಲರ್ ಮನೆಗೆ ಈಗ ಒಂದೇ ಮೆಟ್ಟಿಲು. ಸಂಜೆ ಹೊತ್ತು ಅಜ್ಜಿ ಮನೆಯಲ್ಲಿರುವುದಿಲ್ಲ.