ಜಾಕ್ ಮೇಸ್ತ್ರಿ ಲಿಫ್ಟ್ ಕೊಂಡದ್ದು

ಗ್ಯಾರೇಜಿನವರಿಗೆ ಬೆನ್ನುನೋವು ಹೊಸದೇನಲ್ಲ. ನಮ್ಮ ಬೀದಿಯ ಮೇಸ್ತ್ರಿಗೂ ಇತ್ತು. ಮೂವತ್ತು ವರ್ಷ ಜಾಕ್ ಹಾಕಿ, ರಟ್ಟು ಹಾಸಿ, ಕಾರಿನಡಿ ಮಲಗಿ ರಿಪೇರಿ ಮಾಡಿದವರು. ಜನ ಅವರನ್ನು ‘ಜಾಕ್ ಮೇಸ್ತ್ರಿ’ ಎಂದೇ ಕರೆಯುತ್ತಿದ್ದರು. ಬ್ರೇಕು, ಟೈರಿನ ಕೆಲಸವೆಲ್ಲ ಅವರ ಹೆಂಡತಿಯದು.

ಒಂದು ಬೆಳಿಗ್ಗೆ ಜಾಕ್ ಜಾರಿತು. ಕಾರು ಧಡಾರನೆ ಕೆಳಗೆ ಬಿತ್ತು. ಸ್ಪ್ಯಾನರ್ ತೆಗೆದುಕೊಳ್ಳಲು ಮೇಸ್ತ್ರಿ ಆಗಷ್ಟೇ ಹೊರಗೆ ಜರುಗಿದ್ದರು. ಕಾಲು ಹೊರಗಿತ್ತು, ಚಪ್ಪಲಿ ಒಳಗೆ ಅಪ್ಪಚ್ಚಿಯಾಗಿತ್ತು.

“ಚಪ್ಪಲಿ ಹೋಯ್ತು ಅಷ್ಟೇ ಕಣೇ,” ಎಂದು ಮೇಸ್ತ್ರಿ ನಕ್ಕರು.

ಹೆಂಡತಿ ನಗಲಿಲ್ಲ. ಅವರ ಬರಿಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು. “ಕಾರು ಎತ್ತೋ ಲಿಫ್ಟ್ ತರೋವರೆಗೂ ನೀವು ಕಾರಿನಡಿ ಹೋಗೋ ಹಾಗಿಲ್ಲ,” ಎಂದರು.

ಮೇಸ್ತ್ರಿ ಎರಡೇ ದಿನದಲ್ಲಿ ಒಂದು ಹಳೇ ಸಿಸರ್ ಲಿಫ್ಟ್ ನೋಡಿ ಬಂದರು. “ಕತ್ತರಿ ಥರ ಬಿಚ್ಕೊಂಡು ಮೇಲೇಳುತ್ತೆ. ಆರಡಿ ಎತ್ತುತ್ತೆ! ಅಗ್ಗ ಬೇರೆ!”

ಮೇಸ್ತ್ರಿಯ ತಂಗಿಗೆ ಇಂಥ ಲಿಫ್ಟುಗಳನ್ನು ತಪಾಸಣೆ ಮಾಡುವುದೇ ಕೆಲಸ. ಸುದ್ದಿ ಕೇಳಿ ರಜೆ ಹಾಕಿ ಬಂದಳು.

“ಅಣ್ಣಾ, ಲಿಫ್ಟ್ ನೋಡಿದ್ದಾಯ್ತು. ನಿನ್ನ ಗ್ಯಾರೇಜ್ ನೋಡಿದ್ಯಾ?”

“ಮೂವತ್ತು ವರ್ಷದಿಂದ ಇಲ್ಲೇ ಬಿದ್ದಿದೀನಿ, ನೋಡಿಲ್ವಾ?”

“ಬಿದ್ಕೊಂಡು ನೋಡಿದೀಯ. ಒಂದ್ಸಲ ನಿಂತ್ಕೊಂಡು ನೋಡು,” ಎಂದು ಟೇಪು ಕೈಗಿತ್ತಳು.

ನೆಲದಿಂದ ತೊಲೆಗೆ ಹನ್ನೊಂದು ಅಡಿ. ಇಲ್ಲಿಗೆ ಬರುವ ಗಾಡಿಗಳಲ್ಲಿ ದೊಡ್ಡದು ತರಕಾರಿ ವ್ಯಾನು, ಅದರ ಎತ್ತರ ಆರೂವರೆ ಅಡಿ.

“ಅದನ್ನ ಆರಡಿ ಎತ್ತಿದ್ರೆ?” ತಂಗಿ ಕೇಳಿದಳು.

“ಹನ್ನೆರಡೂವರೆ,” ಎಂದರು ಮೇಸ್ತ್ರಿಯ ಹೆಂಡತಿ. “ವ್ಯಾನಿನ ಬ್ರೇಕ್ ಸರಿಹೋಗುತ್ತೆ, ನಮ್ಮ ಸೂರು ಹೋಗುತ್ತೆ!”

“ತೂಕಾನೂ ಅಷ್ಟೇ ಅಣ್ಣ. ಖಾಲಿ ಗಾಡಿ ತೂಕ ಹಿಡೀಬೇಡ, ಸಾಮಾನು ಸಮೇತ ಹಿಡಿ. ಲಿಫ್ಟಿನ ಮೇಲೆ ಬರೆದಿರೋ ತೂಕ ಅದಕ್ಕಿಂತ ಜಾಸ್ತಿ ಇರ್ಬೇಕು.”

ಆಮೇಲೆ ಮೂಲೆಯಲ್ಲಿ ನೆಲಕ್ಕೆ ಡ್ರಿಲ್ ಹಾಕಿದಳು. ಎರಡು ಇಂಚು ಕಾಂಕ್ರೀಟು, ಆಮೇಲೆ ಬರೀ ಮಣ್ಣು. ಮೇಸ್ತ್ರಿಯ ಮುಖ ಬಾಡಿತು. “ಈ ನೆಲ ನಾನೂ ನಿಮ್ಮತ್ತಿಗೆನೂ ನಮ್ಮ ಕೈಯಾರೆ ಹಾಕಿದ್ದು ಕಣೇ.”

“ಗೊತ್ತಣ್ಣ. ನಿಮ್ಮಿಬ್ರನ್ನ ಇಷ್ಟು ವರ್ಷ ಹೊತ್ತಿದೆ. ವ್ಯಾನ್ ಹೊತ್ತ ಲಿಫ್ಟನ್ನ ಹೊರಲ್ಲ.”

ಮೇಸ್ತ್ರಿಗೆ ಆಗಲೂ ಮನಸ್ಸು ಒಪ್ಪಲಿಲ್ಲ. “ನಿನ್ನ ಥರ ನೋಡ್ತಾ ಕೂತ್ರೆ ಲಿಫ್ಟ್ ಬರೋ ಹೊತ್ತಿಗೆ ನನ್ನನ್ನೇ ಎತ್ಬೇಕಾಗುತ್ತೆ,” ಎಂದು ಗೊಣಗುತ್ತಲೇ ಇಬ್ಬರನ್ನೂ ಹಳೇ ಲಿಫ್ಟಿನ ಅಂಗಡಿಗೆ ಕರೆದುಕೊಂಡು ಹೋದರು.

ತಂಗಿ ಹೇಳಿದ್ದಕ್ಕೆ ಅಂಗಡಿಯವನು ಒಂದು ಕಾರು ಹತ್ತಿಸಿ ಎತ್ತಿ ತೋರಿಸಿದ. ಮೇಸ್ತ್ರಿಯ ಹೆಂಡತಿ ಹತ್ತಿರ ಹೋಗಿ, ಅಭ್ಯಾಸಬಲದಿಂದ ಚಕ್ರದ ಮೇಲೆ ಕೈಯಿಟ್ಟು ಅಲುಗಾಡಿಸಿ ನೋಡಿದರು.

“ಇದು ಏಳೋದು ಎಣ್ಣೆ ಒತ್ತಡದಿಂದ. ಆ ಎಣ್ಣೆ ಪೈಪು ಒಡೆದ್ರೆ ಇದನ್ನ ಮೇಲೆ ಹಿಡಿಯೋದು ಯಾವುದು?” ತಂಗಿ ಕೇಳಿದಳು.

“ಒಡೆಯೋದೇ ಇಲ್ಲ ಬಿಡಮ್ಮ,” ಎಂದ ಅವನು.

ಮೇಸ್ತ್ರಿ ತಲೆಯೆತ್ತಿದರು. ಸದ್ದು ಕೇಳಿಯೇ ಇಂಜಿನ್ ರೋಗ ಹೇಳುವವರು ಅವರು. “ಅಲ್ಲಯ್ಯಾ, ಗಾಡಿ ಬೀಳದ ಹಾಗೆ ಹಿಡಿಯೋ ಲಾಕ್ ಕೂತ ಸದ್ದೇ ಬರ್ಲಿಲ್ವಲ್ಲ?” ದೂರದಿಂದಲೇ ಟಾರ್ಚ್ ಬಿಟ್ಟು ನೋಡಿದರು. ಲಾಕಿನ ಹಲ್ಲುಗಳು ಸವೆದು ನುಣ್ಣಗಾಗಿದ್ದವು.

ಮರುಕ್ಷಣ ಹೆಂಡತಿಯ ತೋಳು ಹಿಡಿದು ಈಚೆಗೆ ಎಳೆದುಕೊಂಡರು. ಇಷ್ಟು ದಿನ ತಮ್ಮ ಬೆನ್ನಿನದೊಂದೇ ಯೋಚನೆ ಅವರಿಗೆ. ದಿನವಿಡೀ ಚಕ್ರದ ಪಕ್ಕ ಕೂರುವವಳು ಇವಳಲ್ಲವೇ!

“ಅಗ್ಗವೂ ಬೇಡ, ಏನೂ ಬೇಡ. ನಡೀರಿ,” ಎಂದರು. ದಾರಿಯುದ್ದಕ್ಕೂ ಹೆಂಡತಿಯ ತೋಳು ಬಿಡಲಿಲ್ಲ.

ಮನೆಗೆ ಬಂದು ಮೂವರೂ ಕೂತು ಯೋಚಿಸಿದರು. ಹತ್ತರಲ್ಲಿ ಏಳು ಗಾಡಿ ಬರುವುದು ಬ್ರೇಕಿಗೆ, ಟೈರಿಗೆ. ಅದಕ್ಕೆ ಸೊಂಟದೆತ್ತರ ಏರುವ ಲಿಫ್ಟೇ ಸಾಕು, ಸೂರಿಗೂ ತಾಗದು. ಗೇರ್‌ಬಾಕ್ಸ್ ಇಳಿಸುವಂಥ ಕೆಲಸ ಬಂದರೆ ಆಳೆತ್ತರ ಏರುವ ಎರಡು ಕಂಬದ ಲಿಫ್ಟ್ ಇರುವ ಗೆಳೆಯನಲ್ಲಿಗೆ ಕಳಿಸುವುದೆಂದಾಯಿತು. ಹೊಸ ಲಿಫ್ಟ್ ತಯಾರಿಸುವ ಕಂಪನಿಯವರು ಹೇಳಿದಷ್ಟು ದಪ್ಪಕ್ಕೆ ಹೊಸ ಕಾಂಕ್ರೀಟ್ ಹಾಕಿಸಿ, ನಾಲ್ಕು ವಾರ ಗಟ್ಟಿಯಾಗಲು ಬಿಟ್ಟರು. ಕಾಯುವಷ್ಟು ದಿನವೂ ಮೇಸ್ತ್ರಿ ಗೊಣಗಿದರು, ಆದರೆ ನೆಲಕ್ಕೆ ದಿನಾ ನೀರು ಹಾಕಿದವರೂ ಅವರೇ.

ಲಿಫ್ಟ್ ಬಂದ ದಿನ ತರಕಾರಿ ವ್ಯಾನೇ ಮೊದಲು ಹತ್ತಿತು. ಹೆಂಡತಿ ಗುಂಡಿ ಒತ್ತಿದರು. ಟಕ್, ಟಕ್ ಎಂದು ಲಾಕ್ ಕೂತಿತು. ಮೇಸ್ತ್ರಿ ಸುತ್ತ ಒಂದು ಸಲ ನೋಡಿಕೊಂಡು ಬಂದು, ಗಾಲಿಯ ಸ್ಟೂಲನ್ನು ಹೆಂಡತಿಯತ್ತ ತಳ್ಳಿದರು. “ಕೂತ್ಕೋ ಬಾರೇ ಮಹಾರಾಣಿ.”

ಗ್ಯಾರೇಜ್ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಲಿಫ್ಟ್ ಕೊಳ್ಳುವ ಮುಂಚೆ ನಿಮ್ಮ ಸೂರು ಅಳೆಯಿರಿ, ನೆಲ ಪರೀಕ್ಷಿಸಿ, ಗಾಡಿಯ ಪೂರ್ತಿ ತೂಕ ತಿಳಿದುಕೊಳ್ಳಿ. ಭಾರ ಎತ್ತಿಸಿ, ಲಾಕ್ ಕೂರುವುದನ್ನು ಕಣ್ಣಾರೆ ನೋಡಿ, ಕಿವಿಯಾರೆ ಕೇಳಿ. ಕೇಳಲು ನಾಚಬೇಡಿ. ಎತ್ತಿದ ಗಾಡಿ ಯಾರದ್ದೋ ಇರಬಹುದು, ಅದರ ಪಕ್ಕ ಕೂತವರು ನಿಮ್ಮವರು.